ನೀರಿಗೆ ಜಾಗ ಬಿಡಿ: ಹ್ಯಾಮಕ್ ಹೊತ್ತು ತಿರುಗೋರಿಗೆ ಬೈರಕೂರಿನ ಲೆಕ್ಕ

ಎಂದಿನಂತೆ ಬೈರಕೂರಿನಿಂದಲೇ ಮಾತಾಡ್ತಾ ಇದೀನಿ. ಹೊಸದಾಗಿ ಕೇಳ್ತಿರೋರಿಗೆ ಹೇಳಿಬಿಡ್ತೀನಿ: ಬೈರಕೂರು ಅಂದ್ರೆ ಕೋಲಾರ ಜಿಲ್ಲೆ, ಮುಳಬಾಗಿಲು ತಾಲ್ಲೂಕಿನ ಒಂದು ಹೋಬಳಿ. ಆಂಧ್ರದ ಗಡಿ ಪಕ್ಕದಲ್ಲೇ ಇದೆ. ಇಲ್ಲಿ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಎರಡೂ ನಡೆಯುತ್ತೆ.

ಈ ಸಂಚಿಕೆಗೆ ವಿಷಯ ಕೊಟ್ಟಿದ್ದು ನೀವೇ. ಹ್ಯಾಮಕ್ ಬಗ್ಗೆ ವಾಯ್ಸ್ ನೋಟ್ ಮೇಲೆ ವಾಯ್ಸ್ ನೋಟ್ ಬರ್ತಾ ಇದೆ. "ಬ್ರೋ, ಟೆಂಟ್ ತಗೊಳ್ಳೋದಾ ಹ್ಯಾಮಕ್ ತಗೊಳ್ಳೋದಾ?" "ರೀಲ್ಸ್‌ನಲ್ಲಿ ನೋಡಿದೆ, ಲೈಟ್‌ವೇಟ್ ಸೆಟ್ ಪೂರ್ತಿ ಮೂವತ್ತು ಸಾವಿರ ಅಂತೆ, ಅಷ್ಟು ಬೇಕಾ?" "ಮೊದಲ ಸಂಬಳ ಬಂದಿದೆ, ಏನು ಮೊದಲು ಕೊಳ್ಳಲಿ?" ಇವತ್ತು ಈ ಮೂರಕ್ಕೂ ಉತ್ತರ ಕೊಡೋಣ. ನಾನು ಓದಿದ್ದು ಬಿ.ಕಾಂ. ಹಾಗಾಗಿ ಸ್ವಲ್ಪ ಲೆಕ್ಕ ಜಾಸ್ತಿ ಇರುತ್ತೆ. ಆದ್ರೆ ಕೂಡೋದು, ಕಳೆಯೋದು ಬಂದ್ರೆ ಸಾಕು.

ಮೊದಲು ಪ್ರಶ್ನೆಯನ್ನೇ ಸ್ವಲ್ಪ ತಿರುಗಿಸೋಣ. ಹಗುರವಾದ ಸಾಮಾನು ಯಾಕೆ ಬೇಕು? ಇಂಟರ್ನೆಟ್‌ನಲ್ಲಿ ಸಿಗೋ ಉತ್ತರ: ಬೇಗ ನಡೀಬಹುದು, ಮಂಡಿ ನೋಯಲ್ಲ. ಸರಿ, ಅದೂ ನಿಜ. ಆದ್ರೆ ನಮ್ಮ ಕಡೆ ಇನ್ನೊಂದು ಕಾರಣ ಇದೆ. ನೀರು.

ಸಹ್ಯಾದ್ರಿಯಲ್ಲಿ ಟ್ರೆಕ್ ಮಾಡೋರು ಒಂದು ಲೀಟರ್ ಬಾಟಲ್ ಹಿಡ್ಕೊಂಡು ಹೊರಡ್ತಾರೆ. ಮುಂದೆ ಹಳ್ಳ ಸಿಗುತ್ತೆ, ತುಂಬಿಸ್ಕೊಳ್ತಾರೆ. ಕೋಲಾರ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯೋ ನದಿ ಒಂದೂ ಇಲ್ಲ. ಪಾಲಾರ್ ಹೆಸರಿಗಿದೆ, ಮಳೆ ಕೈಕೊಟ್ಟ ವರ್ಷ ಅದು ಬರೀ ಮರಳು. ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿವೆ, ಎಷ್ಟೋ ಕಡೆ ಆ ನೀರಲ್ಲಿ ಫ್ಲೋರೈಡ್ ಇದೆ. ಕೆರೆಗಳಲ್ಲಿ ನೀರು ಕಾಣುತ್ತಲ್ಲ ಅಂತೀರಾ? 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನ ಎರಡು ಹಂತ ಸಂಸ್ಕರಿಸಿ ನಮ್ಮ ಜಿಲ್ಲೆ ಕೆರೆಗಳಿಗೆ ಬಿಡ್ತಿದಾರೆ. ಅದರ ಉದ್ದೇಶ ಅಂತರ್ಜಲ ಮರುಪೂರಣ. ಬಾಟಲ್‌ಗೆ ತುಂಬಿಸ್ಕೊಂಡು ಕುಡಿಯೋಕೆ ಬಿಟ್ಟಿರೋ ನೀರಲ್ಲ ಅದು.

ಇಲ್ಲೇ ಬರುತ್ತೆ ಮೊದಲ ಗೇರ್ ಪಾಠ. ಆನ್‌ಲೈನ್‌ನಲ್ಲಿ ಕೈಯಗಲದ ವಾಟರ್ ಫಿಲ್ಟರ್ ಸಿಗುತ್ತೆ, ನೂರು ಗ್ರಾಂ ಕೂಡ ಇರಲ್ಲ. "ಎಲ್ಲಿ ಬೇಕಾದ್ರೂ ನೀರು ಕುಡೀಬಹುದು" ಅಂತ ಜಾಹೀರಾತು. ಅದು ಸೋಸೋದು ಬ್ಯಾಕ್ಟೀರಿಯಾ ಮತ್ತು ಅದಕ್ಕಿಂತ ದೊಡ್ಡ ಕ್ರಿಮಿಗಳನ್ನ. ನೀರಲ್ಲಿ ಕರಗಿರೋ ಫ್ಲೋರೈಡ್, ರಾಸಾಯನಿಕ ಅದರೊಳಗಿಂದ ಸಲೀಸಾಗಿ ದಾಟಿ ಬರುತ್ತೆ. ಕುದಿಸಿದ್ರೂ ಫ್ಲೋರೈಡ್ ಹೋಗಲ್ಲ. ನೀರು ಆವಿಯಾಗಿ ಕಡಿಮೆ ಆದಷ್ಟೂ ಫ್ಲೋರೈಡ್ ಗಟ್ಟಿಯಾಗುತ್ತೆ. ಕೊಡಗಿನ ಹಳ್ಳಕ್ಕೆ ಒಳ್ಳೆ ಸಾಮಾನು, ನಮ್ಮ ಕೆರೆಗೆ ಸುಳ್ಳು ಧೈರ್ಯ.

ಅಂದ್ರೆ ಇಲ್ಲಿ ನೀರು ಹೊತ್ಕೊಂಡೇ ಹೋಗಬೇಕು. ಸಂಜೆ ಹೊರಟು ಮಾರನೇ ದಿನ ಬೆಳಿಗ್ಗೆ ವಾಪಸ್ ಬರೋ ಒಂದು ರಾತ್ರಿಗೆ ನಾನು 4 ಲೀಟರ್ ಇಟ್ಕೊಳ್ತೀನಿ. ಬೇಸಿಗೆಯಾದ್ರೆ ಇನ್ನೂ ಜಾಸ್ತಿ. ಒಂದು ಲೀಟರ್ ನೀರು ಒಂದು ಕೆಜಿ. ಇದನ್ನ ಯಾವ ಕಂಪನಿನೂ ಲೈಟ್‌ವೇಟ್ ಮಾಡಿ ಕೊಡಲ್ಲ. ಹಾಗಾಗಿ ಬ್ಯಾಗ್‌ನ ತೂಕದಲ್ಲಿ 4 ಕೆಜಿ ನೀರಿಗೆ ರಿಸರ್ವ್. ಉಳಿದದ್ದೆಲ್ಲ ಆಮೇಲೆ. ಇವತ್ತಿನ ಸಂಚಿಕೆಯ ಸಾರ ಇಷ್ಟೇ: ನೀರಿಗೆ ಜಾಗ ಬಿಡೋಕೋಸ್ಕರ ಉಳಿದ ತೂಕ ಇಳಿಸ್ತೀವಿ.

ಈಗ ಲೆಕ್ಕಕ್ಕೆ ಬರೋಣ. ಕಾಮರ್ಸ್ ಓದಿದೋರಿಗೆ ಫಿಕ್ಸೆಡ್ ಕಾಸ್ಟ್, ವೇರಿಯಬಲ್ ಕಾಸ್ಟ್ ಗೊತ್ತಿರುತ್ತೆ. ಅಂಗಡಿ ಬಾಡಿಗೆ ಫಿಕ್ಸೆಡ್, ವ್ಯಾಪಾರ ಆಗ್ಲಿ ಬಿಡ್ಲಿ ಕಟ್ಟಬೇಕು. ಸರಕು ವೇರಿಯಬಲ್. ಬ್ಯಾಗ್‌ನಲ್ಲೂ ಹಾಗೇ. ಹ್ಯಾಮಕ್, ಬಟ್ಟೆ, ಟಾರ್ಚ್, ಬ್ಯಾಗ್ ಇವೆಲ್ಲ ಹೋಗ್ತಾ ಬರ್ತಾ ಅದೇ ತೂಕ. ಟ್ರೆಕ್ಕರ್‌ಗಳು ಇದಕ್ಕೆ ಬೇಸ್ ವೇಟ್ ಅಂತಾರೆ. ನೀರು, ಊಟ ಖರ್ಚಾಗ್ತಾ ಹೋಗುತ್ತೆ, ಅದು ವೇರಿಯಬಲ್. ಬೇಸ್ ವೇಟ್ 10 ಪೌಂಡ್, ಅಂದ್ರೆ ಸುಮಾರು 4.5 ಕೆಜಿಗಿಂತ ಕಡಿಮೆ ಇದ್ರೆ ಅಲ್ಟ್ರಾಲೈಟ್ ಅನ್ನೋದು ಅಮೆರಿಕದ ಟ್ರೆಕ್ಕರ್‌ಗಳ ರೂಢಿ.

ನನ್ನ ಬ್ಯಾಗ್‌ನ ಬೇಸ್ ವೇಟ್ ಓದ್ತೀನಿ, ಅಡುಗೆಮನೆ ತಕ್ಕಡಿಯಲ್ಲಿ ತೂಗಿದ್ದು. ಹ್ಯಾಮಕ್ 520 ಗ್ರಾಂ. ಮರಕ್ಕೆ ಸುತ್ತೋ ಪಟ್ಟಿ ಎರಡೂ ಸೇರಿ 240. ಸೊಳ್ಳೆ ಪರದೆ 250. ಮಳೆಗೆ ಮೇಲೆ ಕಟ್ಟೋ ಶೀಟ್ 600. ಅದರ ದಾರ, ಗೂಟ 120. ಫೋಮ್ ಚಾಪೆ 300. ಹೊದಿಕೆ 700. ಬ್ಯಾಗ್ 900. ಹೆಡ್‌ಲ್ಯಾಂಪ್ 80. ಔಷಧಿ ಪೊಟ್ಟಣ 150. ರೇನ್ ಪಾಂಚೋ 250. ಒಂದು ಜೊತೆ ಬಟ್ಟೆ 450. ಪವರ್ ಬ್ಯಾಂಕ್ 220. ಚಾಕು, ಹಗ್ಗ, ಬೆಂಕಿಪೊಟ್ಟಣದಂಥ ಚಿಲ್ಲರೆ 100. ಎರಡು ಖಾಲಿ ಬಾಟಲ್ 80. ಕೂಡಿದ್ರೆ 4,960 ಗ್ರಾಂ, ಅಂದ್ರೆ 5 ಕೆಜಿ. ಅದಕ್ಕೆ 4 ಕೆಜಿ ನೀರು, 1 ಕೆಜಿ ಊಟ ಸೇರಿಸಿ. ಹೆಗಲ ಮೇಲೆ 10 ಕೆಜಿ. ನಾನು 65 ಕೆಜಿ ಇದೀನಿ. ದೇಹದ ತೂಕದ ಐದನೇ ಒಂದು ಭಾಗ ದಾಟಬಾರದು ಅನ್ನೋದು ಸಾಮಾನ್ಯ ಲೆಕ್ಕ. ಅದರೊಳಗೆ ಆರಾಮಾಗಿ ಕೂತ್ಕೊಂಡಿದೆ.

ನೋಡಿ, ಅಲ್ಟ್ರಾಲೈಟ್ ಅನ್ನೋ ಗೆರೆ ಅರ್ಧ ಕೆಜಿಯಲ್ಲಿ ತಪ್ಪಿದೆ. ನನಗೇನೂ ಬೇಜಾರಿಲ್ಲ. ಆ ಅರ್ಧ ಕೆಜಿ ಕಡಿಮೆ ಮಾಡೋಕೆ ಎಷ್ಟು ದುಡ್ಡು ಬೇಕು ಅಂತ ಲೆಕ್ಕ ಹಾಕಿದೀನಿ. ಅದನ್ನ ನಿಮಗೂ ಕಲಿಸ್ತೀನಿ. ಒಂದು ಗ್ರಾಂ ಉಳಿಸೋಕೆ ಎಷ್ಟು ರೂಪಾಯಿ? ಪ್ರತಿ ಖರೀದಿಗೂ ಮುಂಚೆ ಈ ಪ್ರಶ್ನೆ ಕೇಳ್ಕೊಳ್ಳಿ.

ಉದಾಹರಣೆಗೆ, ಒಂದು ಲೀಟರ್ ಸ್ಟೀಲ್ ಬಾಟಲ್ ಸುಮಾರು 350 ಗ್ರಾಂ ಬರುತ್ತೆ ಅಂದ್ಕೊಳ್ಳಿ. ಬಸ್ ಸ್ಟ್ಯಾಂಡಲ್ಲಿ ಇಪ್ಪತ್ತು ರೂಪಾಯಿಗೆ ಸಿಗೋ ನೀರಿನ ಬಾಟಲ್ 30 ಗ್ರಾಂ. 320 ಗ್ರಾಂ ಉಳೀತು, ಖರ್ಚು 20 ರೂಪಾಯಿ. ಗ್ರಾಂಗೆ ಆರು ಪೈಸೆ. ಈಗ ಟೈಟಾನಿಯಂ ಮಗ್ ತಗೊಳ್ಳಿ. ಮನೆಯ ಸ್ಟೀಲ್ ಪಾತ್ರೆ 200 ಗ್ರಾಂ, ಟೈಟಾನಿಯಂ 100 ಗ್ರಾಂ, ಬೆಲೆ 2,000 ರೂಪಾಯಿ ಅಂತಿಟ್ಕೊಳ್ಳಿ. ಗ್ರಾಂಗೆ ಇಪ್ಪತ್ತು ರೂಪಾಯಿ ಆಯ್ತು. ಆರು ಪೈಸೆ ಎಲ್ಲಿ, ಇಪ್ಪತ್ತು ರೂಪಾಯಿ ಎಲ್ಲಿ! ಇನ್ನು ಮೂರನೇ ದಾರಿ ಇದೆ: ಪಾತ್ರೆ, ಸ್ಟವ್ ಎರಡನ್ನೂ ಮನೆಯಲ್ಲೇ ಬಿಟ್ಟು ಅಮ್ಮ ಕಟ್ಟಿಕೊಟ್ಟ ಚಪಾತಿ, ಪುಳಿಯೋಗರೆ ತಗೊಂಡು ಹೋಗೋದು. ಖರ್ಚು ಸೊನ್ನೆ. ಒಂದು ರಾತ್ರಿ ಟ್ರಿಪ್‌ಗೆ ಅಡುಗೆ ಸಾಮಾನು ನಾನು ಮುಟ್ಟೋದೇ ಇಲ್ಲ. ಒಣಗಿದ ಹುಲ್ಲಿರೋ ಬೆಟ್ಟದ ಕಡೆ ಬೆಂಕಿ ಹಚ್ಚದೇ ಇರೋದು ಎಲ್ಲರಿಗೂ ಕ್ಷೇಮ.

ಹಗುರ ಅನ್ನೋದು ಶ್ರೀಮಂತರ ಆಟ ಅಂತ ಅನ್ಸಿದ್ರೆ ಈ ಕಥೆ ಕೇಳಿ. 1955ರಲ್ಲಿ ಅಮೆರಿಕದಲ್ಲಿ ಎಮ್ಮಾ ಗೇಟ್‌ವುಡ್ ಅಂತ ಒಬ್ಬ ಅಜ್ಜಿ, ವಯಸ್ಸು 67, ಅಪಲಾಚಿಯನ್ ಟ್ರೈಲ್ ಪೂರ್ತಿ ಒಬ್ಬರೇ ನಡೆದ್ರು. ಮೂರು ಸಾವಿರ ಕಿಲೋಮೀಟರ್‌ಗಿಂತ ಜಾಸ್ತಿ ದೂರ. ಅವರ ಹತ್ರ ಟೆಂಟ್ ಇರ್ಲಿಲ್ಲ, ಸ್ಲೀಪಿಂಗ್ ಬ್ಯಾಗ್ ಇರ್ಲಿಲ್ಲ. ಕೈಯಲ್ಲೇ ಹೊಲಿದ ಒಂದು ಚೀಲ, ಕಾಲಿಗೆ ಕ್ಯಾನ್ವಾಸ್ ಶೂ, ಒಂದು ಕಂಬಳಿ, ಮಳೆಗೆ ಬಚ್ಚಲುಮನೆಗೆ ಹಾಕೋ ಪ್ಲಾಸ್ಟಿಕ್ ಪರದೆ. ಅಷ್ಟೇ. ಇವತ್ತಿಗೂ ಅಲ್ಟ್ರಾಲೈಟ್‌ನವರು ಅವರನ್ನ ಹಿರಿಯಜ್ಜಿ ಅಂತ ನೆನೀತಾರೆ.

ಅಮೆರಿಕ ಯಾಕೆ, ನಮ್ಮ ಮುಳಬಾಗಿಲು ರಸ್ತೆಯಲ್ಲೇ ತಿರುಪತಿಗೆ ನಡ್ಕೊಂಡು ಹೋಗೋ ಭಕ್ತರನ್ನ ನೋಡಿ. ಹೆಗಲಿಗೆ ಒಂದು ಬಟ್ಟೆ ಚೀಲ, ಒಂದು ಟವೆಲ್. ಆ ಟವೆಲ್ಲೇ ಹಾಸಿಗೆ, ಅದೇ ತಲೆಗೆ ಪೇಟ, ಅದೇ ಸ್ನಾನಕ್ಕೆ. ಕುರಿ ಕಾಯೋರ ಕಂಬಳಿ ಕೂಡ ಹಾಗೇ. ಹಾಸಿದ್ರೆ ಚಾಪೆ, ಹೊದ್ರೆ ಹೊದಿಕೆ, ತಲೆ ಮೇಲೆ ಕೊಪ್ಪೆ ಹಾಕಿದ್ರೆ ರೇನ್‌ಕೋಟ್. ಒಂದೇ ವಸ್ತು, ಮೂರು ಕೆಲಸ. ಕಂಬಳಿ ಭಾರ ಇರುತ್ತೆ, ನಾನು ಹೊತ್ಕೊಂಡು ಹೋಗಲ್ಲ. ಆದ್ರೆ ಆ ಬುದ್ಧಿ ಹೊತ್ಕೊಂಡು ಹೋಗ್ತೀನಿ. ನನ್ನ ರೇನ್ ಪಾಂಚೋ ರಾತ್ರಿ ಬ್ಯಾಗ್‌ಗೆ ಹೊದಿಕೆ. ಬಟ್ಟೆ ತುಂಬಿದ ಚೀಲವೇ ದಿಂಬು.

ಇನ್ನು ಹ್ಯಾಮಕ್. ಹ್ಯಾಮಕ್ ನಮಗೆ ಹೊಸದೇನಲ್ಲ. ಅಮ್ಮ ಹೊಲದಲ್ಲಿ ಕಳೆ ಕೀಳುವಾಗ ಹುಣಸೆ ಮರದ ಕೊಂಬೆಗೆ ಹಳೇ ಸೀರೆ ಜೋಲಿ ಕಟ್ಟಿ ಮಗೂನ ಮಲಗಿಸ್ತಿದ್ದಿದ್ದು ಅದೇ ತತ್ವ. ಹ್ಯಾಮಕ್ ಅನ್ನೋ ಪದ ಬಂದಿದ್ದು ಕೆರಿಬಿಯನ್ ದ್ವೀಪಗಳ ತಾಯಿನೋ ಜನರ ಭಾಷೆಯಿಂದ. 1492ರಲ್ಲಿ ಕೊಲಂಬಸ್ ಅಲ್ಲಿಗೆ ಹೋದಾಗ ಅಲ್ಲಿಯ ಜನ ಹತ್ತಿಯ ಬಲೆಯಂಥ ಜೋಲಿಯಲ್ಲಿ ಮಲಗ್ತಿದ್ರು. ಅಲ್ಲಿಂದ ಅದು ಹಡಗಿಗೆ ಬಂತು, ಹಡಗಿನಿಂದ ಪ್ರಪಂಚಕ್ಕೆ.

ಮಗುವಿಗೆ ಸೀರೆ ಸಾಕು. ದೊಡ್ಡೋರಿಗೆ ಸಾಲದು. ಹಳೇ ಹತ್ತಿ ಬಟ್ಟೆ ಒಂದು ಕಡೆ ಚೂರು ಹರಿದ್ರೆ ಪರ್ ಅಂತ ಉದ್ದಕ್ಕೂ ಹರಿಯುತ್ತೆ. ಹ್ಯಾಮಕ್‌ಗೆ ಬಳಸೋ ರಿಪ್‌ಸ್ಟಾಪ್ ನೈಲಾನ್‌ನಲ್ಲಿ ಚೌಕಚೌಕವಾಗಿ ದಪ್ಪ ದಾರ ನೇಯ್ದಿರ್ತಾರೆ. ಹರಿದ್ರೂ ಆ ಚೌಕದಲ್ಲೇ ನಿಲ್ಲುತ್ತೆ. ಕೊಳ್ಳುವಾಗ ಉದ್ದ ನೋಡಿ. 9 ಅಡಿ ಹ್ಯಾಮಕ್ ಕಡಿಮೆ ಬೆಲೆಗೆ ಸಿಗುತ್ತೆ, ಅದು ಮಧ್ಯಾಹ್ನ ಫೋನ್ ನೋಡ್ಕೊಂಡು ಮಲಗೋಕೆ. ರಾತ್ರಿ ನಿದ್ದೆಗೆ 11 ಅಡಿ ಬೇಕು. ಯಾಕಂದ್ರೆ ಹ್ಯಾಮಕ್‌ನಲ್ಲಿ ನೇರವಾಗಿ ಮಲಗಬಾರದು. ನೇರ ಮಲಗಿದ್ರೆ ಬೆನ್ನು ಬಾಳೆಹಣ್ಣಿನ ಹಾಗೆ ಬಾಗುತ್ತೆ. ಓರೆಯಾಗಿ, ತಲೆ ಸ್ವಲ್ಪ ಎಡಕ್ಕೆ, ಕಾಲು ಸ್ವಲ್ಪ ಬಲಕ್ಕೆ ಹಾಕಿ ಮಲಗಿದ್ರೆ ಬೆನ್ನು ಚಪ್ಪಟೆ ಆಗುತ್ತೆ. ಆ ಓರೆಗೆ ಜಾಗ ಬೇಕಲ್ಲ, ಅದಕ್ಕೇ ಉದ್ದ. ಇಲ್ಲಿ ನೂರು ಗ್ರಾಂ ಉಳಿಸೋಕೆ ಹೋಗ್ಬೇಡಿ.

ಈಗ ಬರ್ತೀನಿ ಇವತ್ತಿನ ಅತಿ ಮುಖ್ಯ ಭಾಗಕ್ಕೆ. ಬೇರೇದೆಲ್ಲ ಮರೆತ್ರೂ ಇದನ್ನ ಮರೀಬೇಡಿ.

70 ಕೆಜಿ ಮನುಷ್ಯ ಹ್ಯಾಮಕ್‌ನಲ್ಲಿ ಮಲಗಿದ್ರೆ ಒಂದೊಂದು ಕಡೆಗೆ 35 ಕೆಜಿ ಭಾರ ಬೀಳುತ್ತೆ ಅಂತ ಅನ್ಸುತ್ತೆ ಅಲ್ವಾ? ಹಗ್ಗ ನೇರ ಕೆಳಗೆ ನೇತಾಡ್ತಿದ್ರೆ ಅದು ಸರಿ. ಆದ್ರೆ ಹ್ಯಾಮಕ್ ಹಗ್ಗ ಅಡ್ಡಕ್ಕೆ ಎಳೆಯುತ್ತೆ. ಹಗ್ಗ ನೆಲಕ್ಕೆ ಸಮಾನಾಂತರವಾದ ಗೆರೆಯಿಂದ 30 ಡಿಗ್ರಿ ಇಳಿಜಾರಾಗಿದ್ರೆ ಪ್ರತಿ ಕಡೆ ಎಳೆತ 70 ಕೆಜಿ. ಅಂದ್ರೆ ಪೂರ್ತಿ ನಿಮ್ಮ ತೂಕ. ಹಗ್ಗ ಬಿಗಿ ಮಾಡಿ 10 ಡಿಗ್ರಿಗೆ ತಂದ್ರೆ? 200 ಕೆಜಿ. ಇನ್ನೂ ಬಿಗಿ ಮಾಡಿ 5 ಡಿಗ್ರಿಗೆ ತಂದ್ರೆ 400 ಕೆಜಿ. ಅದೇ ಮನುಷ್ಯ, ಅದೇ ಹ್ಯಾಮಕ್, ಕಟ್ಟಿದ ರೀತಿ ಮಾತ್ರ ಬೇರೆ. ಹತ್ತುವಾಗ ದೊಪ್ಪಂತ ಕೂತ್ರೆ ಇನ್ನೂ ಜಾಸ್ತಿ.

ಈಗ ನಮ್ಮೂರಿನ ತೋಟಗಳನ್ನ ಕಣ್ಮುಂದೆ ತಂದ್ಕೊಳ್ಳಿ. ಬೇಲಿಗೆ ಏನಿದೆ? ಕಲ್ಲು ಕಂಬ. ದ್ರಾಕ್ಷಿ ಚಪ್ಪರಕ್ಕೆ ಏನಿದೆ? ಕಲ್ಲು ಕಂಬ. ಎರಡು ಕಂಬ ಸರಿಯಾದ ದೂರದಲ್ಲಿ ನೆಟ್ಟಗೆ ನಿಂತಿರೋದು ನೋಡಿದ್ರೆ ಹ್ಯಾಮಕ್ ಕಟ್ಟೋಕೇ ನೆಟ್ಟ ಹಾಗಿರುತ್ತೆ. ಕಟ್ಟಬೇಡಿ. ಕಲ್ಲು ಮೇಲಿಂದ ಬರೋ ಭಾರ ಎಷ್ಟಾದ್ರೂ ತಡೆಯುತ್ತೆ, ಆದ್ರೆ ಪಕ್ಕಕ್ಕೆ ಎಳೆದ್ರೆ ಬಾಗೋದಿಲ್ಲ, ಮುರಿಯುತ್ತೆ. ಕಂಬ ನೆಲದೊಳಗೆ ಎಷ್ಟು ಆಳ ಇದೆ ಅಂತ ಹೊರಗಿಂದ ಗೊತ್ತಾಗಲ್ಲ. 200 ಕೆಜಿ ಪಕ್ಕದಿಂದ ಎಳೆದಾಗ ಅದು ಬೀಳೋದು ಯಾವ ಕಡೆಗೆ? ಹಗ್ಗ ಎಳೀತಿರೋ ಕಡೆಗೆ. ಅಲ್ಲಿ ಮಲಗಿರೋರು ನೀವು. ತಲೆ ಮೇಲೆ ಕಲ್ಲು ಬರುವಾಗ ಹ್ಯಾಮಕ್‌ನಿಂದ ಹಾರಿ ಎದ್ದೇಳೋಕೆ ಆಗಲ್ಲ. ಮನೆ ಜಗಲಿಯ ಇಟ್ಟಿಗೆ ಕಂಬ, ಗೇಟ್ ಕಂಬ, ನೀರಿನ ಟ್ಯಾಂಕ್ ಕಂಬ ಎಲ್ಲಕ್ಕೂ ಇದೇ ಮಾತು. ಅಮೆರಿಕ, ಆಸ್ಟ್ರೇಲಿಯಾದಲ್ಲಿ ಇಟ್ಟಿಗೆ ಕಂಬಕ್ಕೆ ಹ್ಯಾಮಕ್ ಕಟ್ಟಿ, ಕಂಬ ಮೈಮೇಲೆ ಬಿದ್ದು ಮಕ್ಕಳು ಸತ್ತ ಪ್ರಕರಣಗಳಿವೆ. ಮನೆಯಲ್ಲಿ ತಮ್ಮ ತಂಗಿಯರಿದ್ರೆ ಈ ಭಾಗವನ್ನ ಅವರಿಗೂ ಕೇಳಿಸಿ.

30 ಡಿಗ್ರಿ ಅಳೆಯೋದು ಹೇಗೆ? ಕೈಯಲ್ಲಿ ಪಿಸ್ತೂಲ್ ಆಕಾರ ಮಾಡಿ. ತೋರುಬೆರಳು ನೆಲಕ್ಕೆ ಸಮಾನಾಂತರ, ಹೆಬ್ಬೆರಳು ಮೇಲಕ್ಕೆ. ಹೆಬ್ಬೆರಳ ತುದಿಯಿಂದ ತೋರುಬೆರಳ ತುದಿಗೆ ಒಂದು ಗೆರೆ ಊಹಿಸ್ಕೊಳ್ಳಿ. ಆ ಗೆರೆ ಹೆಚ್ಚುಕಡಿಮೆ 30 ಡಿಗ್ರಿ. ಹಗ್ಗ ಆ ಗೆರೆಗೆ ಹೊಂದಬೇಕು. ಮರಗಳ ನಡುವೆ 4ರಿಂದ 5 ಮೀಟರ್ ದೂರ, ಪಟ್ಟಿ ನಿಮ್ಮ ತಲೆಯ ಎತ್ತರದಲ್ಲಿ, ಕೂತಾಗ ಹ್ಯಾಮಕ್ ಕುರ್ಚಿ ಎತ್ತರಕ್ಕೆ ಬಂದ್ರೆ ಸರಿ. ಅದಕ್ಕಿಂತ ಎತ್ತರ ಕಟ್ಟೋದು ಬರೀ ಫೋಟೋಗೆ. ಬಿದ್ದರೆ ಎಲ್ಲಿಂದ ಬೀಳೋಕೆ ತಯಾರಿದ್ದೀರೋ ಅಷ್ಟೇ ಎತ್ತರ ಕಟ್ಟಿ.

ಮರ ಯಾವುದು? ಹುಣಸೆ, ಬೇವು, ಹೊಂಗೆ, ವಯಸ್ಸಾದ ಮಾವು ಚೆನ್ನ. ಕಾಂಡ ತೊಡೆಗಿಂತ ದಪ್ಪ ಇರಬೇಕು. ಕಡಿದ ಮೇಲೆ ಬುಡದಿಂದ ಚಿಗುರಿದ ನೀಲಗಿರಿ ನೇರವಾಗಿ ಕಾಣುತ್ತೆ, ಆದ್ರೆ ಸಣಕಲು. ನುಗ್ಗೆ ಮರ ಬೇಡವೇ ಬೇಡ, ಅದು ಸುಮ್ಮನೆ ಮುರಿಯೋ ಜಾತಿ. ತೆಂಗಿನ ಮರದ ಕೆಳಗೆ ಮಲಗೋದು ಏನಾಗುತ್ತೆ ಅಂತ ನಾನು ಹೇಳ್ಬೇಕಿಲ್ಲ. ಕಟ್ಟೋಕೆ ಮುಂಚೆ ತಲೆ ಎತ್ತಿ ನೋಡಿ: ಒಣಗಿದ ಕೊಂಬೆ ಇದೆಯಾ, ಹೆಜ್ಜೇನು ಇದೆಯಾ, ಮಾವಿನ ಎಲೆ ಸೇರಿಸಿ ಹೊಲಿದ ಕೆಂಪಿರುವೆ ಗೂಡು ಇದೆಯಾ. ಕೆಂಪಿರುವೆಗೆ ನಿಮ್ಮ ಪಟ್ಟಿ ಅಂದ್ರೆ ಫ್ಲೈಓವರ್. ಇನ್ನೊಂದು, ಮಾವು ಹೂ ಬಿಡೋ ಜನವರಿ, ಫೆಬ್ರುವರಿಯಲ್ಲಿ ತೋಟಗಳಿಗೆ ಔಷಧಿ ಹೊಡೀತಾರೆ. ಆ ಮರದ ಕೆಳಗೆ ರಾತ್ರಿ ಕಳೆಯೋದು ಬೇಡ. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಶುರುವಾದ್ರೆ ಒಂಟಿ ಮರದಿಂದ ದೂರ ಬನ್ನಿ, ಹ್ಯಾಮಕ್ ಅಲ್ಲೇ ಬಿಟ್ಟು ಬನ್ನಿ.

ಇಲ್ಲಿಗೆ ದುಡ್ಡು ಎಲ್ಲಿ ಹಾಕಬೇಕು ಅನ್ನೋ ಪ್ರಶ್ನೆಗೆ ಉತ್ತರ ಸಿಕ್ತು. ಮೊದಲು ಪಟ್ಟಿಗೆ. ಹಗುರ ಅಂತ ಬಾವಿ ಹಗ್ಗ, ತೆಳು ನೈಲಾನ್ ದಾರ ಬಳಸಿದ್ರೆ ಅದು ತೊಗಟೆಯನ್ನ ಕೊರೆಯುತ್ತೆ. ತೊಗಟೆಯ ಒಳಪದರದಲ್ಲೇ ಎಲೆ ತಯಾರಿಸಿದ ಆಹಾರ ಬೇರಿಗೆ ಇಳಿಯೋದು. ಅದು ಸುತ್ತಲೂ ಕತ್ತರಿಸಿದ್ರೆ ಮರ ಸಾಯುತ್ತೆ. ಒಂದು ಇಂಚಿಗಿಂತ ಅಗಲದ ಪಾಲಿಯೆಸ್ಟರ್ ಪಟ್ಟಿ ಇರಲಿ. ನೈಲಾನ್ ಪಟ್ಟಿ ಭಾರಕ್ಕೆ, ತೇವಕ್ಕೆ ಎಳೆದುಕೊಳ್ಳುತ್ತೆ. ರಾತ್ರಿ ಮೂರು ಗಂಟೆಗೆ ನೀವು ನೆಲದಲ್ಲಿರ್ತೀರಿ. ಬ್ರ್ಯಾಂಡ್ ಪಟ್ಟಿ ದುಬಾರಿ ಅನ್ಸಿದ್ರೆ, ಹೈವೇ ಪಕ್ಕದ ಲಾರಿ ಸಾಮಾನಿನ ಅಂಗಡಿಯಲ್ಲಿ ಸರಕು ಬಿಗಿಯೋ ಪಾಲಿಯೆಸ್ಟರ್ ಪಟ್ಟಿ ಸಿಗುತ್ತೆ. ಎಷ್ಟು ಭಾರ ತಡೆಯುತ್ತೆ ಅಂತ ಲೇಬಲ್ ಇರೋ ಹೊಸ ಪಟ್ಟಿ ಮಾತ್ರ ತಗೊಳ್ಳಿ. ಕೊಂಡಿಯ ಮೇಲೆ ಕಿಲೋನ್ಯೂಟನ್ ಲೆಕ್ಕ ಬರೆದಿರುತ್ತೆ. ಒಂದು ಕಿಲೋನ್ಯೂಟನ್ ಅಂದ್ರೆ ಸುಮಾರು 100 ಕೆಜಿ ಎಳೆತ. ಏನೂ ಬರೆಯದ ಕೀ ಚೈನ್ ಕೊಂಡಿ ಕೀ ಚೈನ್‌ಗೇ ಇರಲಿ.

ಎರಡನೇದು, ಬೆನ್ನಿನ ಕೆಳಗೆ. "ಹ್ಯಾಮಕ್‌ನಲ್ಲಿ ಚಳಿಗೆ ನಿದ್ದೆ ಬರಲಿಲ್ಲ, ಎರಡು ಹೊದಿಕೆ ಹೊದ್ದಿದ್ದೆ" ಅಂತ ಸುಮಾರು ಜನ ಕಳಿಸಿದ್ದೀರಿ. ಹೊದಿಕೆಯೊಳಗೆ ನಿಂತ ಗಾಳಿ ನಮ್ಮನ್ನ ಬೆಚ್ಚಗಿಡುತ್ತೆ. ಬೆನ್ನ ಕೆಳಗೆ ಹೊದಿಕೆ ಅದುಮಿ ಚಪ್ಪಟೆಯಾದಾಗ ಆ ಗಾಳಿ ಹೋಗುತ್ತೆ. ಕೆಳಗಿಂದ ಬೀಸೋ ಗಾಳಿ ನೇರ ಬೆನ್ನಿಗೆ. ಮೇಲೆ ಹತ್ತು ಹೊದ್ರೂ ಪ್ರಯೋಜನ ಇಲ್ಲ. ಕೋಲಾರ ಸಮುದ್ರಮಟ್ಟದಿಂದ 800 ಮೀಟರ್‌ಗಿಂತ ಎತ್ತರದಲ್ಲಿದೆ. ಡಿಸೆಂಬರ್, ಜನವರಿ ಬೆಳಗಿನ ಜಾವ 15 ಡಿಗ್ರಿಗೂ ಕೆಳಗೆ ಇಳಿಯುತ್ತೆ. ಪರಿಹಾರ ಅಗ್ಗ: ಅದುಮಿದ್ರೂ ಚಪ್ಪಟೆಯಾಗದ ಫೋಮ್ ಚಾಪೆ. ಯೋಗ ಮ್ಯಾಟ್‌ಗಿಂತ ಹಗುರ. ಸೊಂಟದಿಂದ ಭುಜದವರೆಗೆ ಕತ್ತರಿಸ್ಕೊಂಡ್ರೂ ನಡೆಯುತ್ತೆ. ಹ್ಯಾಮಕ್ ಕೆಳಗೆ ತೂಗುಹಾಕೋ ಅಂಡರ್‌ಕ್ವಿಲ್ಟ್ ಇನ್ನೂ ಆರಾಮ, ಆದ್ರೆ ಮೊದಲ ಸಂಬಳದ ಖರೀದಿ ಅಲ್ಲ.

ಮೂರನೇದು, ಮಳೆ ಶೀಟ್. ಸೆಪ್ಟೆಂಬರ್, ಅಕ್ಟೋಬರ್ ನಮ್ಮ ಕಡೆ ಒಳ್ಳೆ ಮಳೆ ತಿಂಗಳು. ನೀಲಿ ಟಾರ್ಪಾಲ್ ನಡೆಯುತ್ತೆ, ಭಾರ ಸ್ವಲ್ಪ ಜಾಸ್ತಿ. ಆರು ತಿಂಗಳು ಅದರಲ್ಲಿ ಹೋಗಿ ನೋಡಿ, ಆಮೇಲೆ ಸಿಲಿಕಾನ್ ಲೇಪನದ ನೈಲಾನ್ ಶೀಟ್‌ಗೆ ದುಡ್ಡು ಕೂಡಿಡಿ. ಒಂದು ಸಣ್ಣ ಉಪಾಯ: ಹ್ಯಾಮಕ್ ಹಗ್ಗದ ಮೇಲೆ, ಶೀಟ್‌ನ ಒಳಗೆ, ಒಂದು ತುಂಡು ದಾರ ಕಟ್ಟಿ ಇಳಿಬಿಡಿ. ಮರದಿಂದ ಹಗ್ಗದ ಮೇಲೆ ಹರಿದು ಬರೋ ನೀರು ಆ ದಾರದಲ್ಲಿ ಕೆಳಗೆ ತೊಟ್ಟಿಕ್ಕುತ್ತೆ, ಹಾಸಿಗೆಗೆ ಬರಲ್ಲ. ತೂಕ ಒಂದು ಗ್ರಾಂ.

ಹಾಗಾದ್ರೆ ಟೆಂಟಾ, ಹ್ಯಾಮಕ್ಕಾ? ಅಗ್ಗದ ಇಬ್ಬರ ಟೆಂಟ್ ಎರಡೂವರೆ ಕೆಜಿ ಆಸುಪಾಸು ಬರುತ್ತೆ. ಇಬ್ಬರು ಹಂಚ್ಕೊಂಡ್ರೆ ಹಗುರ. ಒಬ್ಬರೇ ಅಂದ್ರೆ ಹ್ಯಾಮಕ್ ಹಗುರ. ಜೊತೆಗೆ ನಮ್ಮ ಕಲ್ಲು ನೆಲ, ಮುಳ್ಳು, ಚೇಳು ಇವುಗಳಿಂದ ಮೇಲಿರ್ತೀರಿ. ಬೆಳಿಗ್ಗೆ ಶೂ ಕೊಡವಿ ಹಾಕ್ಕೊಳ್ಳಿ ಅಷ್ಟೇ. ಆದ್ರೆ ಹ್ಯಾಮಕ್‌ಗೆ ಮರ ಬೇಕು. ಅಂತರಗಂಗೆ, ಆವನಿ ಅಂಥ ಬೆಟ್ಟಗಳ ಮೇಲೆ ಬಂಡೆ ಜಾಸ್ತಿ, ಗಟ್ಟಿ ಮರ ಕಡಿಮೆ. ನಮ್ಮ ಜಿಲ್ಲೆಯಲ್ಲಿ ಹ್ಯಾಮಕ್‌ನ ನಿಜವಾದ ಜಾಗ ಬೆಟ್ಟದ ತುದಿ ಅಲ್ಲ, ಕೆಳಗಿನ ಮಾವಿನ ತೋಪು, ಹುಣಸೆ ತೋಪು. ಹಗಲು ಬೆಟ್ಟ ಹತ್ತಿ, ಸಂಜೆ ತೋಪಿಗೆ ಇಳಿಯಿರಿ.

ಕಾನೂನಿನ ದೃಷ್ಟಿಯಿಂದಲೂ ಅದೇ ಸರಿ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜನಜಾತ್ರೆ ಆಗಿದ್ದು ನೆನಪಿದೆಯಲ್ಲ? ಅದಾದ್ಮೇಲೆ ಅರಣ್ಯ ಇಲಾಖೆ ನಿಯಮ ಬಿಗಿ ಮಾಡ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅರಣ್ಯ ವಿಹಾರ ಅನ್ನೋ ಬುಕಿಂಗ್ ವೆಬ್‌ಸೈಟ್ ಬಂತು. ಒಂದು ಹಾದಿಗೆ ದಿನಕ್ಕೆ ಹೆಚ್ಚೆಂದರೆ 300 ಜನ. ಹೊರಡೋಕೆ ಮುಂಚೆ ನಿಮ್ಮ ಹಾದಿ ತೆರೆದಿದೆಯಾ ನೋಡ್ಕೊಳ್ಳಿ. ಮತ್ತೆ, ಟ್ರೆಕ್ ಟಿಕೆಟ್ ಅಂದ್ರೆ ಕಾಡಲ್ಲಿ ರಾತ್ರಿ ಮಲಗೋ ಅನುಮತಿ ಅಲ್ಲ. ಬಂಗಾರಪೇಟೆಯ ಕಾಮಸಮುದ್ರದ ಕಡೆ ಹೋಗೋರಿಗೆ ವಿಶೇಷವಾಗಿ ಹೇಳ್ತೀನಿ: ಅಲ್ಲಿ ಆನೆ ಓಡಾಡುತ್ತೆ. ರಾತ್ರಿ ತೋಪಲ್ಲಿ ಮಲಗೋ ಜಾಗ ಅದಲ್ಲ.

ಖಾಸಗಿ ತೋಪಾದ್ರೆ ಮಾಲೀಕರನ್ನ ಬಾಯಿಬಿಟ್ಟು ಕೇಳಿ. ಬೆಳಕಿರುವಾಗಲೇ ಹೋಗಿ ಕೇಳಿ. ಕಾಯಿ ಬಂದಿರೋ ಕಾಲದಲ್ಲಿ ಕತ್ತಲಲ್ಲಿ ಮಾವಿನ ತೋಪಿಗೆ ನುಗ್ಗಿದ್ರೆ ಕಾವಲುಗಾರರು ನಿಮ್ಮನ್ನ ಟ್ರೆಕ್ಕರ್ ಅಂತ ಅಂದ್ಕೊಳ್ಳಲ್ಲ. ಗಡಿ ಹಳ್ಳಿಗಳಲ್ಲಿ ನಾಲ್ಕು ಮಾತು ತೆಲುಗು ಬಂದ್ರೆ ಒಳ್ಳೇದು. ಆ ಊರಲ್ಲೇ ಶುದ್ಧ ನೀರಿನ ಘಟಕ ಎಲ್ಲಿದೆ ಅಂತ ವಿಚಾರಿಸಿ, ಕಾಯಿನ್ ಹಾಕಿ ಬಾಟಲ್ ತುಂಬಿಸ್ಕೊಳ್ಳಿ. ಒಬ್ಬರೇ ಹೋಗೋ ಬದಲು ಇಬ್ಬರು ಮೂವರು ಹೋಗಿ. ಯಾವ ಊರು, ಯಾರ ತೋಪು, ಎಷ್ಟು ಗಂಟೆಗೆ ವಾಪಸ್ ಅಂತ ಮನೆಗೆ ಮೆಸೇಜ್ ಹಾಕಿ. ಹುಡುಗಿಯರು ತುಂಬ ಜನ ಕೇಳಿದ್ರಿ, ಮೊದಲ ಸಲ ಪರಿಚಯದವರ ತೋಟ, ಅವರ ಮನೆ ಕೂಗಳತೆಯಲ್ಲಿರೋ ಜಾಗ ಆರಿಸ್ಕೊಳ್ಳಿ. ಇದು ಹುಡುಗರಿಗೂ ಅನ್ವಯ.

ಕೊನೆಗೆ, ಮೊದಲ ಸಂಬಳದವರಿಗೆ ಕೊಳ್ಳೋ ಕ್ರಮ ಹೇಳಿಬಿಡ್ತೀನಿ. ಒಂದು, ತಕ್ಕಡಿ. ಮನೆಯಲ್ಲಿ ಇಲ್ದಿದ್ರೆ ಕಿರಾಣಿ ಅಂಗಡಿಯಲ್ಲಿ ತೂಗಿಸ್ಕೊಳ್ಳಿ. ಎರಡು, ಪಟ್ಟಿ ಮತ್ತು ಕೊಂಡಿ. ಮೂರು, 11 ಅಡಿ ಹ್ಯಾಮಕ್. ನಾಲ್ಕು, ಸೊಳ್ಳೆ ಪರದೆ. ಐದು, ಫೋಮ್ ಚಾಪೆ. ಮಳೆ ಶೀಟ್, ಹೊದಿಕೆ, ಬ್ಯಾಗ್ ಇದ್ದದ್ದರಲ್ಲೇ ಶುರು ಮಾಡಿ. ಕಾಲೇಜ್ ಬ್ಯಾಗ್ ಸಾಲದೇ ಹೋದಾಗ ಹೊಸ ಬ್ಯಾಗ್ ಬಗ್ಗೆ ಯೋಚಿಸಿ. ಎಲ್ಲಾ ಸಾಮಾನು ಸೇರಿದ ಮೇಲೆ ಬ್ಯಾಗ್ ಕೊಳ್ಳೋದೇ ಜಾಣತನ. ದೊಡ್ಡ ಬ್ಯಾಗ್ ಮೊದಲೇ ಕೊಂಡ್ರೆ ಖಾಲಿ ಜಾಗ ತುಂಬಿಸ್ಬೇಕು ಅನ್ಸುತ್ತೆ.

ಪ್ರತಿ ಟ್ರಿಪ್ ಮುಗಿದ ಮೇಲೆ ಸಾಮಾನನ್ನ ಮೂರು ಗುಡ್ಡೆ ಮಾಡಿ: ಬಳಸಿದ್ದು, ಬಳಸದೇ ಇದ್ದಿದ್ದು, ಬಳಸದಿದ್ರೂ ಇರಲೇಬೇಕಾದದ್ದು. ಔಷಧಿ, ಟಾರ್ಚ್ ಮೂರನೇ ಗುಡ್ಡೆ. ಎರಡನೇ ಗುಡ್ಡೆ ಮುಂದಿನ ಸಲ ಮನೆಯಲ್ಲೇ ಇರಲಿ. ಅಲ್ಲಿ ಖಾಲಿಯಾದ ಜಾಗಕ್ಕೆ ಹೊಸ ಸಾಮಾನು ಬೇಡ, ಇನ್ನೊಂದು ಲೀಟರ್ ನೀರು ಇಟ್ಕೊಳ್ಳಿ.

ನಿಮ್ಮ ಬ್ಯಾಗ್‌ನ ತೂಕದ ಪಟ್ಟಿ ಬರೆದು ಫೋಟೋ ತೆಗೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಎರಡು ಮೂರು ಪಟ್ಟಿ ತಗೊಂಡು ಎಲ್ಲಿ ಎಷ್ಟು ಕಡಿಮೆ ಮಾಡಬಹುದು ಅಂತ ಒಟ್ಟಿಗೆ ಲೆಕ್ಕ ಹಾಕೋಣ. ಅಲ್ಲೀವರೆಗೆ ಕಲ್ಲು ಕಂಬದಿಂದ ದೂರ ಇರಿ, ನೀರು ಜಾಸ್ತಿ ಕುಡೀರಿ.